ಹಳದಿ ಲಂಗದ ತುಂಡು

ಯುಗಾದಿಗೆ ಮಗಳು ಬರುತ್ತಾಳೆಂದು ಹಾಸಿಗೆಯ ಬಟ್ಟೆ ತೆಗೆಯಲು ಟ್ರಂಕಿನ ಮುಚ್ಚಳ ಎತ್ತಿದೆ. ಡಾಂಬರ್ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ, ಹಳೆಯ ಪೇಪರಿನಲ್ಲಿ ಸುತ್ತಿದ ಅಂಗೈಯಗಲದ ಹಳದಿ ಬಟ್ಟೆ ಇತ್ತು. ಇಟ್ಟವಳು ನಾನೇ. ಮರೆತಿದ್ದೇನೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ...

ಹೋದ ಯುಗಾದಿಯಿಂದ ಈಚೆಗೆ ಮನೆಗೆ ಒಂದು ಕೂಸು ಬಂತು, ಇಬ್ಬರು ಗೆಳತಿಯರು ಹೋದರು. ಶ್ರಾವಣದಲ್ಲಿ ಅಳವಂಡಿಯವಳು, ನನ್ನ ಬಾಲ್ಯದ ಗೆಳತಿ, ತೀರಿಕೊಂಡಳು. ಅವಳಿಗಾಗಿ ಅತ್ತು ಹಗುರಾದೆ. ಇನ್ನೊಬ್ಬಳಿಗಾಗಿ ಅಳಲು ನನಗೆ ಮುಖವಿಲ್ಲ. ಆಕೆ ನಮ್ಮ ಹಿತ್ತಲ ಆಚೆಯ ಮನೆಯಾಕೆ, ಓಣಿಗೆಲ್ಲ ದೊಡ್ಡವ್ವ.

ಕೊಪ್ಪಳದ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತಳಾದಾಗ ಕೈಗೆ ಕೆಲಸವಿಲ್ಲದಾಯಿತು. ಮುನಿರಾಬಾದಿನ ನೀರಾವರಿ ಕಚೇರಿಯಿಂದ ಮೊದಲೇ ಹೊರಬಂದಿದ್ದ ನಮ್ಮ ಯಜಮಾನರು ಒಡೆದ ಬಕೆಟ್ಟುಗಳಲ್ಲಿ ಮೆಣಸಿನ ಗಿಡ ಬೆಳೆಸುವ ಹುಚ್ಚು ಹಿಡಿಸಿಕೊಂಡಿದ್ದರು. ನನಗೆ ಹಿಡಿದದ್ದು ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಹುಚ್ಚು. ಅದಕ್ಕೆ ಗುರು ದೊಡ್ಡವ್ವ. ಹೈಬ್ರಿಡ್ ಬೀಜ ಬೆಳೆಯುವ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸಿ ಪರಾಗ ಸೇರಿಸುವ ಕೂಲಿ ಮಾಡಿ ಆಕೆಯ ಬೆರಳು ಪಳಗಿದ್ದವು. ಮಧ್ಯಾಹ್ನ ಊಟವಾದ ಮೇಲೆ ಕಟ್ಟೆಯ ಮೇಲೆ ಹಳೆಯ ಬಟ್ಟೆ ಹರವಿಕೊಂಡು ಕೂಡುತ್ತಿದ್ದೆವು.

“ಎಷ್ಟ ಮಕ್ಕಳಿಗೆ ಗೆರಿ ಹೊಡ್ಯಾಕ ಕಲಿಸೀರಿ ಅಕ್ಕೋರ, ನಿಮ್ಮ ದಾರ ನೋಡಿದ್ರ ಎತ್ತು ಉಚ್ಚಿ ಹೊಯ್ಕೊಂತ ಹೋದಂಗ ಐತಿ” ಎಂದು ನಗುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಆಕೆ ಬಲು ಕಟ್ಟುನಿಟ್ಟು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಚೂರು ರೊಟ್ಟಿ, ನಾಲ್ಕು ಜೋಳದ ಕಾಳು ಇಡಲೇಬೇಕು. ಕೌದಿ ಉಪವಾಸ ಇದ್ದರೆ ಹೊದ್ದವರ ಹೊಟ್ಟೆಯೂ ತುಂಬುವುದಿಲ್ಲವಂತೆ. ಇರುವೆ ಹತ್ತುತ್ತವಲ್ಲ ಎಂದರೆ, ಇರುವೆಗೇನು ಹೊಟ್ಟೆ ಇಲ್ಲವೇ ಎನ್ನುತ್ತಿದ್ದಳು.

ಗಂಗಾವತಿಯಿಂದ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣುಕೂಸು ಹುಟ್ಟಿತು. ಅದಕ್ಕೊಂದು ಕೌದಿ ಶುರುಮಾಡಿದೆವು. ನಮ್ಮವ್ವನ ಇಳಕಲ್ ಸೀರೆ, ಮಾವನವರ ಧೋತರ ಕತ್ತರಿಸಿದೆ. ಒಂದು ಮಧ್ಯಾಹ್ನ ದೊಡ್ಡವ್ವ ಸೆರಗಿನೊಳಗಿಂದ ಈ ಹಳದಿ ತುಂಡು ತೆಗೆದಳು. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ತೀರಿಹೋದ ತನ್ನ ಒಬ್ಬಳೇ ಮಗಳ ಲಂಗದ್ದು ಎಂದಳು. ಗಂಡ ಇಲ್ಲವೆಂದು ಗೊತ್ತಿತ್ತು, ಮಗಳೊಬ್ಬಳು ಇದ್ದಳೆಂದು ಕೇಳಿದ್ದು ಅದೇ ಮೊದಲು.

“ಇದಕ್ಕೊಂಚೂರು ಜಾಗಾ ಕೊಡ್ರಿ ಅಕ್ಕೋರ. ಭಾಳ ವರ್ಷ ಪೆಟಗ್ಯಾಗ ಐತಿ.”

ತಾನೇ ಅದನ್ನು ನಟ್ಟನಡುವೆ ಹೊಲಿದಳು. ಆಕೆ ಹೋದ ಮೇಲೆ ನನ್ನ ಮನಸ್ಸು ಕೆಟ್ಟಿತು. ಸತ್ತ ಮಗುವಿನ ಬಟ್ಟೆ, ಎಳೆಕೂಸಿನ ಮೈಮೇಲೆ... ಸಂಜೆಯೊಳಗೆ ದಾರ ಬಿಚ್ಚಿ ತೆಗೆದೆ. ಆ ಜಾಗಕ್ಕೆ ಅವ್ವನ ಸೀರೆಯ ತುಂಡು ಹಚ್ಚಿದೆ.

ಮರುದಿನ ಮೂಲೆ ಮುಚ್ಚುವ ದಿನ. ದೊಡ್ಡವ್ವ ರೊಟ್ಟಿಯ ಚೂರು, ಕಾಳು ಹಿಡಿದು ಬಂದಳು. ಕೌದಿಯ ಮೇಲೆ ಕೈಯಾಡಿಸಿದಳು. ನಡುವೆ ಕೈ ನಿಂತಿತು. ಹಳದಿ ಬಣ್ಣ ಬಿಡುತ್ತದೇನೋ ಎಂದು ತೆಗೆದೆ ಅಂದೆ. ಮಕ್ಕಳ ಸುಳ್ಳು ಹಿಡಿಯುವುದರಲ್ಲೇ ಆಯುಷ್ಯ ಕಳೆದ ನನಗೆ ಒಂದು ಸುಳ್ಳು ನೆಟ್ಟಗೆ ಹೇಳಲು ಬರಲಿಲ್ಲ.

“ಇರ್ಲಿ ಬಿಡ್ರಿ. ಕೂಸಿನ ಕೌದಿ. ತುತ್ತು ನೀವ ಇಡ್ರಿ.”

ಕಾಳು, ರೊಟ್ಟಿ ನನ್ನ ಅಂಗೈಗೆ ಹಾಕಿ ಎದ್ದು ಹೋದಳು. ತನ್ನ ತುಂಡನ್ನು ಮರಳಿ ಕೇಳಲಿಲ್ಲ. ಮತ್ತೆ ನಮ್ಮ ಕಟ್ಟೆ ಹತ್ತಲಿಲ್ಲ. ಓಣಿಯಲ್ಲಿ ಸಿಕ್ಕರೆ ಕೂಸು ಹೇಗಿದೆ ಎಂದು ಕೇಳುತ್ತಿದ್ದಳು, ಅಷ್ಟೇ. ಹೋಗಿ ತಪ್ಪಾಯಿತು ಎನ್ನಬೇಕೆಂದು ದಿನವೂ ಅನ್ನಿಸುತ್ತಿತ್ತು. ಆದರೂ ಆಕೆಯೇ ಬರಲಿ ಎಂದು ಬಿಗಿದುಕೊಂಡೆ. ಎಲ್ಲರೂ ಎದ್ದು ನಿಂತು ನಮಸ್ಕಾರ ಹೇಳುವುದನ್ನೇ ಕಂಡವಳ ಹಮ್ಮು ಅದು. ದೀಪಾವಳಿ ಕಳೆದು ವಾರವಾಗಿತ್ತು, ಒಂದು ಬೆಳಿಗ್ಗೆ ಆಕೆಯ ಬಾಗಿಲು ತೆರೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು. ನವಲಿಯಿಂದ ಆಕೆಯ ತಮ್ಮನ ಮಗ ಬಂದು ಮಣ್ಣು ಮಾಡಿದ. ನಾನು ಹೂವಿನ ಹಾರ ಹಾಕಿ ಬಂದೆ.

ಮಗಳು ಹಬ್ಬಕ್ಕೆ ಬಂದವಳು ಹಳದಿ ಬಟ್ಟೆ ಏನೆಂದು ಕೇಳಿದಳು. ಎಲ್ಲ ಹೇಳಿದೆ. ಕೂಸು ಆ ಕೌದಿಯ ಮೇಲೆಯೇ ಮಲಗಿತ್ತು. ಮಗಳು ಕೌದಿಯ ತುಂಡುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

“ಇದರಾಗ ನಿಮ್ಮವ್ವನ ಸೀರಿ ಐತಿ, ಅಜ್ಜನ ಧೋತ್ರ ಐತಿ. ಅವರೇನು ಜೀವಂತ ಅದಾರೇನವ್ವಾ?”

ನಮ್ಮ ಮನೆಯ ಸತ್ತವರ ಬಟ್ಟೆ ಆಶೀರ್ವಾದ, ಆಕೆಯ ಕೂಸಿನದು ಅಪಶಕುನ... ಇಷ್ಟು ದಿನ ಇದು ನನಗೆ ಹೊಳೆಯಲೂ ಇಲ್ಲ. ಈಗಲಾದರೂ ಸೇರಿಸೋಣವೆಂದು ಮಗಳು ಸೂಜಿಗೆ ದಾರ ಪೋಣಿಸಿದಳು. ಹೊಲಿಯುತ್ತ, ಆ ಹುಡುಗಿಯ ಹೆಸರೇನಿತ್ತು ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನವಲಿಗೆ, ದೊಡ್ಡವ್ವನ ತಮ್ಮನ ಮಗನಿಗೆ, ಫೋನ್ ಮಾಡಿದೆ.

“ಗೊತ್ತಿಲ್ರಿ ಅಕ್ಕೋರ. ನಾ ಹುಟ್ಟಾಕಿಂತ ಮೊದಲಿನ ಮಾತದು. ನಮ್ಮಪ್ಪನೂ ಈಗಿಲ್ಲ. ಅತ್ತಿ ಒಬ್ಬಾಕಿಗೇ ಗೊತ್ತಿತ್ತು.”

ಊರ ಮಕ್ಕಳ ಹೆಸರನ್ನೆಲ್ಲ ದಿನಾ ಬೆಳಿಗ್ಗೆ ಹಾಜರಿಗೆ ಕೂಗಿದವಳು ನಾನು. ಆ ಮಧ್ಯಾಹ್ನ ಕಟ್ಟೆಯ ಮೇಲೆ ಆ ಒಂದು ಹೆಸರು ಕೇಳಿದ್ದರೆ ಆಕೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ.