ಹಾಡಿನೊಳಗೆ ಸಿಕ್ಕಿಕೊಂಡ ಭಾವ

ಅವನ ಅಸಲಿ ಹೆಸರು ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ, ಬೀದಿಗೆಲ್ಲ ಅವನು ಉಶ್ಶಪ್ಪ. ರೆಕಾರ್ಡಿಂಗ್ ನಡೆಯುವಾಗ ಎದುರಿಗೆ ಯಾರೇ ಸಿಕ್ಕಲಿ, ತುಟಿಗೆ ಬೆರಳಿಟ್ಟು ‘ಉಶ್!’ ಅನ್ನೋದೇ ಅವನ ಅರ್ಧ ಕಸುಬು. ಉಳಿದರ್ಧ, ಅತ್ತೆ ಮನೆಯ ಹಿಂದಿನ ರೂಮಿಗೆ ಹಳೇ ಹಾಸಿಗೆಗಳನ್ನು ಜಡಿದು ಮಾಡಿಕೊಂಡ ಸ್ಟುಡಿಯೋ. ಕಿಟಕಿಗೆ ಅತ್ತೆಯ ಮದುವೆ ಕಾಲದ ಹಾಸಿಗೆಯನ್ನೇ ಹೊಡೆದಿದ್ದ. ಅದಕ್ಕೆ ಆಕೆ ಅವನನ್ನು ಇನ್ನೂ ಕ್ಷಮಿಸಿರಲಿಲ್ಲ.

ಮಿಕ್ಸರಿನ ಮೂಲೆಯಲ್ಲೊಂದು ದಪ್ಪ ನಾಬ್. ಕೆಟ್ಟುಹೋದ ಗ್ಯಾಸ್ ಒಲೆಯಿಂದ ಕಿತ್ತು ಅಂಟಿಸಿದ್ದು, ಹಿಂದೆ ಒಂದು ವೈರೂ ಇಲ್ಲ. ಪಕ್ಕದಲ್ಲಿ ಚೀಟಿ: ‘ಭಾವ’. ಯಾರೇ ಹಾಡಲಿ, ಕಡೆಗೆ ರಾಗ ಎಳೆಯೋದು ಒಂದೇ: “ಎಲ್ಲಾ ಚೆನ್ನಾಗಿದೆ, ಭಾವ ಒಂಚೂರು ಸಾಲದು.” ಇವನು ಗಂಭೀರವಾಗಿ ಆ ನಾಬ್ ತಿರುಗಿಸುತ್ತಿದ್ದ. “ಆಹಾ, ಈಗ ಬಂತು ನೋಡಿ!” ಮೊದಮೊದಲು ಇವನಿಗೆ ನಗು ತಡೆಯೋಕಾಗುತ್ತಿರಲಿಲ್ಲ. ಬರುಬರುತ್ತಾ ತನಗೂ ವ್ಯತ್ಯಾಸ ಕೇಳಿಸತೊಡಗಿತು, ಕರ್ಮ!

ಈ ರೂಮಿನ ಮೇಲೆ ಬಾಮೈದನ ಕಣ್ಣು. ಅವನದು ಹಾರ್ಡ್‌ವೇರ್ ಅಂಗಡಿ, ಪೇಂಟ್ ಡಬ್ಬಗಳಿಗೆ ಜಾಗ ಬೇಕು. ದಿನಾ ರಗಳೆ ಕೇಳಿ ಕೇಳಿ ಅತ್ತೆ ತೀರ್ಪು ಕೊಟ್ಟೇಬಿಟ್ಟರು. “ಯಾರೋ ದೊಡ್ಡ ಹಾಡುಗಾರ್ತಿ ಬರ್ತಾರಂತಲ್ಲ, ಅವರು ನನ್ನೆದುರಿಗೆ ಮೆಚ್ಚಿದ್ರೆ ರೂಮು ಅಳಿಯಂದಿರದ್ದು. ಇಲ್ದಿದ್ರೆ ಡಬ್ಬದ್ದು.” ಈ ರೂಮು ಬಿಟ್ಟರೆ ಉಶ್ಶಪ್ಪನಿಗೆ ಬೇರೆ ಪ್ರಪಂಚವೇ ಗೊತ್ತಿರಲಿಲ್ಲ.

ಹಾಡುಗಾರ್ತಿ ಬಂದರು. “ನಾಳೆ ಗಂಟಲಿನ ಆಪರೇಷನ್ ಇದೆಯಪ್ಪಾ, ಒಂದೇ ಸಲ ಹಾಡೋದು,” ಅಂದು ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಶುರುಮಾಡಿದರು. ಎಂಥಾ ಹಾಡು! ಎರಡು ಸಾಲಿನ ನಡುವೆ ಅವರು ಉಸಿರು ತಗೊಳ್ಳೋದಕ್ಕೂ, ಹೊರಗೆ ಬಾಮೈದ ಅಳತೆ ಟೇಪು ಹಿಡಿದು “ಭಾವಾ!” ಅಂತ ಹೊಟ್ಟೆಯುರಿಯಿಂದ ಕಿರುಚೋದಕ್ಕೂ ಸರಿಹೋಯಿತು. ಹಾಸಿಗೆಗಳನ್ನೆಲ್ಲ ದಾಟಿ ಮೈಕಿಗೆ ಬರುವಷ್ಟರಲ್ಲಿ ಅದು ದೂರದ ನರಳಾಟದ ಹಾಗಾಗಿತ್ತು.

ಮರುಕೇಳಿಸಿದಾಗ ಹಾಡುಗಾರ್ತಿ ಕಣ್ಣೊರೆಸಿಕೊಂಡರು. “ಭಾವ ಅಂದ್ರೆ ಇದಪ್ಪಾ,” ಅಂದು ಆಸ್ಪತ್ರೆಗೆ ಹೋದರು. ಅವರು ಮೆಚ್ಚಿದ್ದು ಯಾವುದನ್ನು ಅಂತ ಇವನಿಗೆ ಹೊಳೆಯಲೇ ಇಲ್ಲ. ಕೂತು, ಆ ಕಿರುಚಾಟವನ್ನು ಅಕ್ಕಿಯೊಳಗಿನ ಕಲ್ಲಿನ ಹಾಗೆ ಆರಿಸಿ ತೆಗೆದ.

ಆಪರೇಷನ್ ಮುಗಿಸಿ ಬಂದಾಗ ಅವರು ಮಾತಾಡುವ ಹಾಗಿರಲಿಲ್ಲ. ಕೈಯಲ್ಲಿ ಸ್ಲೇಟು. ತೀರ್ಪಿಗೆ ಕಾದು ಅತ್ತೆ, ಬಾಮೈದ ಇಬ್ಬರೂ ಬಾಗಿಲಲ್ಲೇ ಠಿಕಾಣಿ. ಉಶ್ಶಪ್ಪ ತಿದ್ದಿದ ಹಾಡನ್ನು ಕೇಳಿಸಿದ. ಹಾಡುಗಾರ್ತಿ ಮುಖ ಗಂಟಿಕ್ಕಿ ಬರೆದರು: ‘ಭಾವ ಎಲ್ಲಿ?’

“ಇಲ್ಲೇ ಕೂತಿದ್ದಾರಲ್ಲಮ್ಮಾ ನಮ್ಮ ಭಾವ!” ಅಂದ ಬಾಮೈದ.

ಉಶ್ಶಪ್ಪ ನಾಬ್ ತಿರುಗಿಸಿದ. ಆಕೆ ತಲೆ ಅಲ್ಲಾಡಿಸಿದರು. ಇನ್ನೂ ತಿರುಗಿಸಿದ, ನಾಬ್ ಕೈಗೇ ಬಂತು. ಬಾಮೈದ ಟೇಪು ಬಿಚ್ಚಿ ಗೋಡೆ ಅಳೆಯೋಕೆ ನಿಂತ. ಆಗ ಉಶ್ಶಪ್ಪನಿಗೆ ಥಟ್ಟನೆ ಹೊಳೆಯಿತು. ಎಸೆದಿದ್ದ ಕಿರುಚಾಟವನ್ನು ಹುಡುಕಿ, ಮತ್ತೆ ಹಾಡಿನೊಳಗೆ ಕೂರಿಸಿ ಕೇಳಿಸಿದ. ಹಾಡುಗಾರ್ತಿಯ ಕಣ್ಣಲ್ಲಿ ಧಾರಾಕಾರ ನೀರು. ಸ್ಲೇಟಿನ ತುಂಬ ಬರೆದರು: ‘ಬಂತು!’

ಅತ್ತೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಾಡು ಎಲ್ಲೆಲ್ಲೂ ಕೇಳಿಬಂತು. ಬಾಮೈದ ತನ್ನ ದನಿ ಗುರುತು ಹಿಡಿದು, ಅಂಗಡಿಗೆ ಬಂದವರಿಗೆಲ್ಲ ಮೊಳೆಯ ಜೊತೆ ಅದನ್ನೂ ಕೇಳಿಸಿ ಕಳಿಸಿದ. ಡಬ್ಬಗಳನ್ನು ತನ್ನ ಮಂಚದ ಕೆಳಗೇ ತಳ್ಳಿಕೊಂಡ. ಈಗ ಹಾಡೋಕೆ ಬಂದವರೆಲ್ಲ ಅದೇ ಭಾವ ಬೇಕು ಅನ್ನೋರೇ. ಬಾಮೈದ ಬಾಯಿ ಮುಕ್ಕಳಿಸಿ, ಮೈಕಿನ ಮುಂದೆ ನಿಂತು, ಬೆಲ್ಲದಂಥ ದನಿಯಲ್ಲಿ “ಭಾವಾ...” ಅಂದ.

“ಭಾವ ಸಾಲದು ಕಣೋ,” ಅಂದ ಉಶ್ಶಪ್ಪ.

“ಅಯ್ಯೋ, ಇಷ್ಟು ಪ್ರೀತಿಯಿಂದ ಕರೀತಿದೀನಲ್ಲ ಭಾವ!”

“ಅದೇ ಕಣೋ ಎಡವಟ್ಟು! ನಿನ್ನ ದಮ್ಮಯ್ಯ, ಒಂದೇ ಒಂದು ಸಲ ಹೊರಗೆ ನಿಂತು ರೂಮು ಬಿಡಿ ಅಂತ ಜಗಳ ತೆಗಿಯೋ.”

ಹೊರಗೆ ಕಳಿಸಿ ಒಳಗಿಂದ ಚಿಲಕ ಹಾಕಿಕೊಂಡ. ಆಮೇಲೆ ಹಾಸಿಗೆಗಳ ಆಚೆಯಿಂದ ಒಂದು ಒಡಕು ದನಿ ಬಂತು.

“ಭಾವಾ... ಆಗ್ತಿಲ್ಲ ಭಾವಾ. ನನಗೆ ರೂಮು ಬೇಡ. ನೀವೇ ಇಟ್ಕೊಳ್ಳಿ.”

“ಬಂತು!” ಅಂತ ಉಶ್ಶಪ್ಪ ಕಣ್ಣೊರೆಸಿಕೊಂಡ. ರೆಕಾರ್ಡ್ ಒತ್ತೋದನ್ನೇ ಮರೆತಿದ್ದ.