ಬಲಗಡೆ ಬಿದ್ದ ಹೂ

ನಮ್ಮಪ್ಪ ಸುಳ್ಳು ಹೇಳಿದವರಲ್ಲ. ಮುಳಬಾಗಿಲಿನಲ್ಲಿ ನಮ್ಮದು ಕಿರಾಣಿ ಅಂಗಡಿ. ತೂಕದಲ್ಲಿ ಒಂದು ಹಿಡಿ ಬೇಳೆ ಕಡಿಮೆಯಾಗಿತ್ತೆಂದು ಗೊತ್ತಾದರೆ ಗಿರಾಕಿಯ ಮನೆಗೇ ಹೋಗಿ ಕೊಟ್ಟು ಬರುತ್ತಿದ್ದರು. "ದೇವರು ನೋಡ್ತಿರ್ತಾನೆ ಕಣಮ್ಮ. ಆ ಭಯ ಇಲ್ದಿದ್ರೆ ಮನುಷ್ಯ ಮೃಗಕ್ಕಿಂತ ಕಡೆ" ಎನ್ನುತ್ತಿದ್ದರು.

ಅವರಿಗೆ ಒಬ್ಬಳೇ ತಂಗಿ, ನನ್ನ ಸೋದರತ್ತೆ. ತಾಯಿಯಿಲ್ಲದ ಅವಳನ್ನು ಕೈತುತ್ತು ಕೊಟ್ಟು ಬೆಳೆಸಿದವರು ಅಪ್ಪನೇ. ಅವಳು ಶ್ರೀನಿವಾಸಪುರದ ಮುಸ್ಲಿಂ ಬಡಗಿಯೊಬ್ಬರನ್ನು ಮದುವೆಯಾದ ದಿನ, ಅಪ್ಪ ಮನೆದೇವರ ಗುಡಿಯಲ್ಲಿ ಕರ್ಪೂರ ಹಚ್ಚಿ, ಇನ್ನು ಅವಳ ಮುಖ ನೋಡುವುದಿಲ್ಲವೆಂದು ಆಣೆ ಇಟ್ಟರು. ಹನ್ನೊಂದು ವರ್ಷ ನೋಡಲೂ ಇಲ್ಲ. ನಾನು ಮಾತ್ರ ಕದ್ದು ಹೋಗಿ ಬರುತ್ತಿದ್ದೆ.

ಎರಡು ವರ್ಷದ ಹಿಂದೆ ಅತ್ತೆ ಕೋಲಾರದಲ್ಲಿ ಆಸ್ಪತ್ರೆ ಸೇರಿದಳು. ಕ್ಯಾನ್ಸರ್. ಇನ್ನು ಕೆಲವೇ ದಿನ ಎಂದಿದ್ದರು ಡಾಕ್ಟರು. ಅವಳು ನನ್ನ ಕೈ ಹಿಡಿದು, "ಅಣ್ಣನ್ನ ಒಂದ್ಸಲ ಕರ್ಕೊಂಡ್ ಬಾರೇ. ಬೈದ್ರೂ ಪರವಾಗಿಲ್ಲ" ಎಂದಳು.

ಬಸ್ಸಿಳಿದವಳೇ ಅಂಗಡಿಗೆ ಹೋಗಿ ಹೇಳಿದೆ. ಅಪ್ಪ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು.

"ದೇವರ ಮುಂದೆ ಆಣೆ ಇಟ್ಟಿದೀನಲ್ಲಮ್ಮ. ಮುರಿಯೋಕೆ ನಾನ್ಯಾರು? ಅವನೇ ಅಪ್ಪಣೆ ಕೊಡ್ಲಿ."

ಇಬ್ಬರೂ ಗುಡಿಗೆ ಹೋದೆವು. ವಿಗ್ರಹದ ಬಲಗಡೆಯಿಂದ ಹೂ ಬಿದ್ದರೆ ದೇವರ ಒಪ್ಪಿಗೆ ಎಂಬುದು ನಮ್ಮವರ ನಂಬಿಕೆ. ಅಪ್ಪ ಕೈಮುಗಿದು ನಿಂತರು. ಸ್ವಲ್ಪ ಹೊತ್ತಿಗೆ ಬಲಭುಜದಿಂದ ಒಂದು ಸೇವಂತಿಗೆ ಜಾರಿ ಬಿತ್ತು.

"ಬಿತ್ತಪ್ಪಾ! ಹೋಗೋಣ ಬಾ" ಎಂದೆ.

ಅಪ್ಪ ಅಲುಗಲಿಲ್ಲ. "ಫ್ಯಾನ್ ಗಾಳಿಗೆ ಬಿದ್ದಿರ್ಬೇಕು" ಎಂದು ಪೂಜಾರಿಗೆ ಫ್ಯಾನ್ ಆರಿಸಲು ಹೇಳಿ ಮತ್ತೆ ಕೇಳಿಕೊಂಡರು. ಅರ್ಧ ಗಂಟೆ ಕಾದೆವು. ಹೂ ಬೀಳಲಿಲ್ಲ. "ನಾಳೆ ಬರೋಣ" ಎಂದು ಹೊರಟೇಬಿಟ್ಟರು.

ಮರುದಿನ ಬೆಳಿಗ್ಗೆ ಅವರು ಗುಡಿಗೆ ಹೋಗಲೆಂದು ಸ್ನಾನ ಮಾಡುತ್ತಿದ್ದಾಗ ಫೋನ್ ಬಂತು. ಅತ್ತೆ ಹೋಗಿಬಿಟ್ಟಿದ್ದಳು.

ಶ್ರೀನಿವಾಸಪುರಕ್ಕೆ ಹೊರಡಲು ಅಪ್ಪ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅತ್ತೆಯ ಗಂಡ ಬಾಗಿಲಿಗೆ ಬಂದು, "ಬನ್ನಿ ಅಣ್ಣಾ" ಎಂದು ತೋಳು ಹಿಡಿದು ಒಳಗೆ ಕರೆದೊಯ್ದರು. ಒಂದು ಕಟುವಾದ ಮಾತೂ ಆಡಲಿಲ್ಲ. ಅಪ್ಪ ಅವಳ ತಲೆಯ ಹತ್ತಿರ ಕೂತು, ಔಷಧಿಗೆ ಉದುರಿ ಅಲ್ಲಲ್ಲಿ ಉಳಿದಿದ್ದ ಕೂದಲನ್ನು ಸವರುತ್ತಲೇ ಇದ್ದರು. ಹೊತ್ತುಕೊಂಡು ಹೋಗುವವರು ಬಂದು ನಿಂತರೂ ಏಳಲಿಲ್ಲ.

ತಿಂಗಳ ಮೇಲಾಗಿತ್ತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಅವರೇ ಮಾತು ತೆಗೆದರು.

"ಹೂ ಬಿದ್ದಿತ್ತು ಕಣಮ್ಮ. ನಂಗೊತ್ತಿತ್ತು. ಕೋಪ ನಂದು. ಅದನ್ನ ದೇವರ ತಲೆಗೆ ಕಟ್ಬಿಟ್ಟೆ."

ಅವರನ್ನು ದೂರುವ ಯೋಗ್ಯತೆ ನನಗಾದರೂ ಎಲ್ಲಿತ್ತು? ಆ ದಿನ ಗುಡಿಯಲ್ಲಿ ನಾನೂ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ದೇವರು ಬೇಡವೆಂದರೂ ಹೋಗಬೇಕಪ್ಪ, ಅವಳು ನಿನ್ನ ತಂಗಿ, ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ.