ಬಾಡಿಗೆ ಕೋಣೆಯ ರ‍್ಯಾಪರ್ ಸಂಪತ್

ಸಂಪತ್ ಹೋದ ತಿಂಗಳು ತೀರಿಕೊಂಡ. ಹೃದಯಾಘಾತ, ವಯಸ್ಸು ನಲವತ್ತೂ ದಾಟಿರಲಿಲ್ಲ. ಸಿಂಗಪುರದ ಕನ್ನಡಿಗರಿಗೆ ಅವನು ಬಾಯಿಬಡುಕ ರ‍್ಯಾಪರ್. ನನಗೆ, ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಡಿಯುತ್ತಾ ಪ್ರಾಸ ಹುಡುಕುತ್ತಿದ್ದ ಗೆಳೆಯ.

ಸಮಾರಂಭಗಳಿಗೆ ಸ್ಪೀಕರ್ ಜೋಡಿಸುವುದು ಅವನ ಕೆಲಸ. ಭಾರತೀಯರಿಗೆ ಮನೆ ಕೊಡುವುದಿಲ್ಲ ಎನ್ನುವ ಓನರ್‌ಗಳ ಮೇಲೆ ಅವನು ಕಟ್ಟಿದ ಹಾಡು ಹೆಸರು ತಂದಿತು. ಒಗ್ಗರಣೆಯ ವಾಸನೆಗೆ ಹೆದರುವವರನ್ನು ಅದರಲ್ಲಿ ಚೆನ್ನಾಗಿ ಛೇಡಿಸಿದ್ದ. ನಮ್ಮವರೆಲ್ಲ ಫೋನಿನಿಂದ ಫೋನಿಗೆ ಹಂಚಿದರು. ಕನ್ನಡ ಸಂಘದ ಹಿರಿಯರಾದ ಅನಂತರಾಮ್ ಅಂಕಲ್ ಅವನನ್ನು ರಾಜ್ಯೋತ್ಸವಕ್ಕೆ ಹಾಡಲು ಕರೆದರು. ಟೋವಾ ಪಾಯೋದ ಅವರ ಫ್ಲ್ಯಾಟಿನ ಕೋಣೆಯಲ್ಲೇ ಅವನು ಬಾಡಿಗೆಗಿದ್ದ.

ಅಷ್ಟರಲ್ಲಿ ಅವನು ಇನ್ನೊಂದು ಹಾಡು ಬರೆದಿದ್ದ. ಅದು ನಮ್ಮ ಮೇಲೆ. ಕೋಣೆ ತೋರಿಸುವ ಮೊದಲೇ “ನೀವು ಯಾವ ಪೈಕಿ?” ಎಂದು ಜಾತಿ ತಿಳಿದುಕೊಳ್ಳುವ, ಮೊಟ್ಟೆಯನ್ನೂ ಒಳಗೆ ಬಿಡದ ಕನ್ನಡದ ಓನರ್‌ಗಳ ಮೇಲೆ.

“ಅದೊಂದು ಬೇಡ ಕಣಪ್ಪ, ಫಂಕ್ಷನ್ ಸ್ಪಾಯ್ಲ್ ಆಗತ್ತೆ,” ಎಂದರು ಅಂಕಲ್.

“ಹಾಡಿದ್ರೆ ಎರಡೂ ಹಾಡ್ತೀನಿ ಅಂಕಲ್. ಬೈಯೋದಾದ್ರೆ ಎಲ್ರನ್ನೂ ಬೈಬೇಕಲ್ವಾ?”

“ಇರೋದು ಯಾರ ಮನೇಲಿ ಅಂತ ನೆನಪಿರ್ಲಿ.”

ನಾನೂ ಹೇಳಿದೆ: “ಲೋ, ರೂಮ್ ಹೋಗತ್ತೆ ಕಣೋ.”

“ಹೋಗ್ಲಿ ಬಿಡೋ. ನಿನ್ ಸೋಫಾ ಇದ್ಯಲ್ಲ!”

ರಾಜ್ಯೋತ್ಸವದ ದಿನ ಮೊದಲ ಹಾಡಿಗೆ ಸಿಳ್ಳೆಗಳು ಬಿದ್ದವು. ಎರಡನೆಯದಕ್ಕೆ ಸಭೆ ತಣ್ಣಗಾಯಿತು. “ಯಾವ ಪೈಕಿ, ಯಾವ ಪೈಕಿ” ಎಂದು ಅವನು ಮೈಕು ಚಾಚಿದಾಗ ಯಾರೂ ದನಿಗೂಡಿಸಲಿಲ್ಲ. ಅಂಕಲ್ ಪಕ್ಕದಲ್ಲಿದ್ದ ಅವರ ಹೆಂಡತಿ ರೇಣುಕಾ ಆಂಟಿಗೆ ಮಾತ್ರ ನಗು ತಡೆಯಲಾಗಲಿಲ್ಲ. “ರೀ, ಇದು ನೀವೇ!” ಎಂದದ್ದು ಹಿಂದೆ ಕೂತಿದ್ದ ನನಗೂ ಕೇಳಿಸಿತು.

ತಿಂಗಳ ಕೊನೆಗೆ ಸಂಪತ್ ಸೂಟ್‌ಕೇಸು, ಸ್ಪೀಕರ್ ಹೊತ್ತು ಚೋವಾ ಚು ಕಾಂಗ್‌ನ ನನ್ನ ಮನೆಗೆ ಬಂದ. ಸಂಘ ಮತ್ತೆ ಕರೆಯಲಿಲ್ಲ. ಮೊದಲ ಹಾಡಷ್ಟೇ ಸಾಕು ಎಂದವರ ಕಡೆ ಅವನೂ ಹೋಗಲಿಲ್ಲ. ವೇದಿಕೆಗಳು ಒಂದೊಂದಾಗಿ ಕಡಿಮೆಯಾದವು. ಕೆಲವು ಸಂಜೆ ಬೇರೆಯವರಿಗಾಗಿ ಸ್ಪೀಕರ್ ಜೋಡಿಸಿ ಬಂದು ಸುಮ್ಮನೆ ಕೂತಿರುತ್ತಿದ್ದ. ಅವನಿಗೆ ನೋವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊನ್ನೆ ರೇಣುಕಾ ಆಂಟಿ ಫೋನ್ ಮಾಡಿದ್ದರು. ಸಂಪತ್ ಇದ್ದ ಕೋಣೆ ನೋಡಲು ಯಾರೋ ಬಂದಿದ್ದರಂತೆ.

“ನಿಮ್ಮ ಅಂಕಲ್ ‘ನೀವು ಯಾವ...’ ಅಂತ ಶುರು ಮಾಡಿದ್ರು ಕಣಪ್ಪ. ನನ್ನ ಮುಖ ನೋಡಿ, ‘ಯಾವ ಬಸ್ಸಲ್ಲಿ ಬಂದ್ರಿ?’ ಅಂದ್ಬಿಟ್ರು. ರೂಮ್ ಕೊಟ್ವಿ.”

ಆಂಟಿ ನಗುತ್ತಿದ್ದರು. ನಗುತ್ತಲೇ ಅಳತೊಡಗಿದರು.